ಕಾಯುವವಳು

ಹೋಗುವವಳು ಖೊರ್ಲೂ ಅತ್ತೆ. ನಾನಲ್ಲ.
ಇಪ್ಪತ್ತಾರು ಚಳಿಗಾಲದಿಂದ ನನ್ನ ಕೆಲಸ ಇಷ್ಟೇ:
ಜಿಂಕೆಚರ್ಮದ ತಮಟೆಯನ್ನು ಒಲೆಗೆ ಹಿಡಿದು
ಬೆರಳ ಗೆಣ್ಣಿಂದ ತಟ್ಟಿ ತಟ್ಟಿ
ಅದು ಒದ್ದೆ ಬಟ್ಟೆಯ ದನಿ ಬಿಟ್ಟು
ಗೊರಸಿನ ದನಿ ಹಿಡಿಯುವತನಕ
ಕೂತಿರುವುದು.
ತಮಟೆ ಕಾಯುತ್ತದೆ. ನಾನೂ ಕಾಯುತ್ತೇನೆ.

ಈ ರಾತ್ರಿ ಬಂದವನು ಯೋಂದೊನ್,
ಮುರುನ್ ಪೇಟೆಯ ಲಾರಿ ಡ್ರೈವರು.
ಹೋದ ತಿಂಗಳು ಖುವ್ಸ್‌ಗುಲ್ ಸರೋವರದ ಮಂಜುಗಡ್ಡೆ
ಹಿಟ್ಟಿನ ಮೂಟೆಗಳ ಕೆಳಗೆ ಬಾಯಿ ಬಿಟ್ಟಿತು.
ಮೈ ಹೊರಗೆ ಬಂತು. ಇನ್ನೊಂದು ಬರಲಿಲ್ಲ
ಅನ್ನುತ್ತಾಳೆ ಹೆಂಡತಿ, ಅವನ ಟೋಪಿ ಮಡಿಲಲ್ಲಿಟ್ಟುಕೊಂಡು.
ಉಣ್ಣುತ್ತಾನೆ, ರುಚಿ ಹೇಳುವುದಿಲ್ಲ.
ಮಗಳ ಹೆಸರನ್ನು
ಯಾರದೋ ವಿಳಾಸದ ಹಾಗೆ ಓದುತ್ತಾನೆ.
ಪೇಟೆಯ ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ.
ಅತ್ತೆ ಚೀಟಿ ತಿರುಗಿಸಿ ನೋಡಿ, ಓದಲು ಬರದವಳು,
"ಅದನ್ನೂ ನುಂಗು, ಬಿಡಬೇಡ" ಅಂದಳು.

ದೀಪ ಆರಿಸಿದೆ. ಸೋಲಾರ್ ಬ್ಯಾಟರಿಯ ಕೆಂಪು ಚುಕ್ಕೆಗೆ
ಕಾಲುಚೀಲ ಹೊದಿಸಿದೆ.
ಜುನಿಪರ್ ಹೊಗೆಯಲ್ಲಿ ನಿಲುವಂಗಿ ತೊಡಿಸಿದೆ:
ಹದಿನಾರು ಕಿಲೋ ಕಬ್ಬಿಣ,
ಕಟ್ಟಿದವರು ಸತ್ತು ಗಂಟು ಮಾತ್ರ ಉಳಿದ ಬಟ್ಟೆಪಟ್ಟಿಗಳು.
ಎಪ್ಪತ್ತೆಂಟರ ಮುದುಕಿ. ಹಗಲಲ್ಲಿ
ನೀರಿನ ಕ್ಯಾನು ಎತ್ತಲು ನನ್ನನ್ನೇ ಕೂಗುತ್ತಾಳೆ.
ಗೂಬೆಗರಿಯ ಪಟ್ಟಿ ಹಣೆಗೆ ಬಿಗಿದೆನೋ ಇಲ್ಲವೋ,
ಕಬ್ಬಿಣ ತಾನಾಗಿ ಎದ್ದು ನಿಂತಿತು.

ಮೊದಲು ಹಿಮಸಾರಂಗದ ನಡೆ.
ಆಮೇಲೆ ಅದೇ ಪ್ರಾಣಿ ಹಳ್ಳ ದಾಟುವಾಗಿನ ತಡವರಿಕೆ.
ಆಮೇಲೆ ಓಟ.
ಆಮೇಲೆ ನನಗೆ ತಿಳಿಯದ್ದು.

ಆಕಳಿಸಿದಳು. ಆಕಳಿಕೆಯೊಳಗಿಂದ
ಬೇರೆ ಯಾರೋ ಉಸಿರೆಳೆದುಕೊಂಡರು.
ನಾನು ಹಿಂದೆ ನಿಂತು ಸೊಂಟದ ತೊಗಲಪಟ್ಟಿ ಹಿಡಿದೆ.
ಹಿಡಿಯದಿದ್ದರೆ ಒಲೆಗೆ ಬೀಳುತ್ತಾಳೆ,
ಬಿಗಿ ಹಿಡಿದರೆ ಹೋಗಲಾರಳು.
ಪಳಗದ ಕುದುರೆಯ ಹಗ್ಗ ಹಿಡಿದವರಿಗೆ ಗೊತ್ತು
ಈ ಅಳತೆ.

ಮಂಜುಗಡ್ಡೆ ಬಿರಿಯುವ ಭಾಷೆಯಲ್ಲಿ ಮಾತಾಡಿದಳು.
ಅದನ್ನು ಮನುಷ್ಯರ ಮಾತಿಗೆ ಇಳಿಸುವುದೂ ನನ್ನ ಪಾಲಿನದೇ:
ಕೆಳಗೆ ಹಸಿರು ಕತ್ತಲೆಯಂತೆ.
ಲಾರಿಯ ದೀಪ ಇನ್ನೂ ಉರಿಯುತ್ತಿದೆಯಂತೆ.
ಸ್ಟಿಯರಿಂಗ್ ಹಿಂದೆ ಕೂತಿದ್ದಾನಂತೆ,
ಹುಡುಗ, ಹತ್ತೋ ಹನ್ನೊಂದೋ ವರ್ಷ,
ಪೆಡಲಿಗೆ ಕಾಲು ಎಟಕುವುದಿಲ್ಲವಂತೆ.
ಇಳಿ ಅಂದರೆ ಇಳಿಯನಂತೆ.
ಹಿಟ್ಟು ಬಿಟ್ಟು ಬಂದರೆ
ಅಪ್ಪ ಹೊಡೆಯುತ್ತಾನೆ ಅನ್ನುತ್ತಾನಂತೆ.

ಯೋಂದೊನನ ಬಲಗೈ
ಮೊಣಕಾಲ ಪಕ್ಕ ಗೇರು ಬದಲಿಸಿತು.
ನೋಡಿದವಳು ನಾನೊಬ್ಬಳೇ.

ತಮಟೆ ಬಡಿಯಿತು, ಬಡಿಯಿತು. ಅತ್ತೆ ಬೇಡಿದಳು, ಬೈದಳು,
ಹಾಲಿನ ಸಾರಾಯಿ ಚೆಲ್ಲಿದಳು.
ಹುಡುಗ ಇಳಿಯಲಿಲ್ಲ.
ಪಟ್ಟಿ ನನ್ನ ಅಂಗೈ ಕೊಯ್ಯುತ್ತಿತ್ತು,
ಒಲೆಯಲ್ಲಿ ಕಟ್ಟಿಗೆ ಮುಗಿಯುತ್ತ ಬಂದಿತ್ತು.
ಆಗ ನನ್ನ ಬಾಯಿಂದ, ಗಂಡುದನಿಯಲ್ಲಿ, ಬಂದೇಬಿಟ್ಟಿತು:
"ಹಾಳಾಗಿ ಹೋಗಲಿ ಹಿಟ್ಟು. ನೀನು ಬಾರೋ ಮನೆಗೆ."

ಇದು ಅತ್ತೆ ಹೇಳಿದ್ದಲ್ಲ.
ನಾನು ಸೇರಿಸಿದ್ದು.
ಹೆಂಡತಿ ತಲೆಯೆತ್ತಿದಳು. ತಮಟೆ
ನಡುಬಡಿತದಲ್ಲಿ ನಿಂತಿತು,
ಹದಿನಾರು ಕಿಲೋ ಕಬ್ಬಿಣ
ನನ್ನ ಎದೆಯ ಮೇಲೆ ಒರಗಿತು.

ಚಹಾ ಕಾಸಿದೆ. ಯೋಂದೊನ್ ಒಂದು ಗುಟುಕು ಕುಡಿದು
ಬಟ್ಟಲನ್ನೇ ದಿಟ್ಟಿಸಿದ.
"ಉಪ್ಪು ಜಾಸ್ತಿಯಾಯಿತು" ಅಂದ.
ಹೆಂಡತಿ ನಕ್ಕಳೋ ಅತ್ತಳೋ, ಟೋಪಿ ಅಡ್ಡ ಹಿಡಿದಿದ್ದಳು.
ಇಷ್ಟಕ್ಕೇ ವಾಸಿಯಾಯಿತು ಅಂತ ನಾನು ಹೇಳುವುದಿಲ್ಲ.
ಚಹಾಕ್ಕೆ ನಿಜವಾಗಿಯೂ ಉಪ್ಪು ಜಾಸ್ತಿಯಾಗಿತ್ತು.

ಅವರ ಜೀಪು ಹೋದ ಮೇಲೆ
ಅತ್ತೆ ಬೂಟಿನ ದಾರ ಬಿಚ್ಚುತ್ತ, ನನ್ನ ಕಡೆ ನೋಡದೆ, ಕೇಳಿದಳು:
"ಕೆಳಗೆ ಒಂದು ಕೂಗು ಕೇಳಿಸಿತು.
ಯಾರೇ ಅದು, ಸೆವ್ಜಿದ್?"

ನಾನು ತಮಟೆಯನ್ನು ಮೊಳೆಗೆ ತೂಗುಹಾಕಿದೆ.
ಇನ್ನೂ ಬೆಚ್ಚಗಿತ್ತು.